ಸಕ್ಕರೆ ಕರಗಿತಾ, ಕರಕಲಾಯ್ತಾ? ಅಡುಗೆಮನೇಲೇ ನೋಡಿ ಹೇಳೋದು ಹೇಗೆ

ಮಕ್ಕಳಿಗೆ ಪರೀಕ್ಷೆ ಹತ್ರ ಬಂದ್ರೆ ಎಲ್ರೂ ಒಂದೇ ಸೂತ್ರ ಬಾಯಿಪಾಠ ಮಾಡಿಸ್ತಾರೆ, ವಾಪಸ್ ಮೊದಲಿನ ಥರ ಆದ್ರೆ ಭೌತಿಕ ಬದಲಾವಣೆ, ಆಗದಿದ್ರೆ ರಾಸಾಯನಿಕ ಅಂತ. ಮಾರ್ಕ್ಸ್ ಬರುತ್ತೇನೋ, ಆದ್ರೆ ಈ ಸೂತ್ರ ತುಂಬಾ ಕಡೆ ಕೈಕೊಡುತ್ತೆ. ರಾಗಿ ಬೀಸಿದ್ಮೇಲೆ ಹಿಟ್ಟನ್ನ ಮತ್ತೆ ಕಾಳು ಮಾಡೋಕಾಗಲ್ಲ, ಆದ್ರೂ ಅದು ಭೌತಿಕ ಬದಲಾವಣೇನೇ, ಹಿಟ್ಟಲ್ಲಿರೋದೂ ರಾಗೀನೇ ತಾನೇ. ನೋಡಬೇಕಾಗಿರೋದು ಹೊಸ ವಸ್ತು ಹುಟ್ಟಿದ್ಯಾ ಇಲ್ವಾ ಅಂತ ಅಷ್ಟೇ.

ಮೊದಲು ಸುಲಭದ್ದು. ಉಪ್ಪನ್ನ ನೀರಲ್ಲಿ ಕರಗಿಸಿ ತಟ್ಟೇಲಿ ಹಾಕಿ ಬಿಸಿಲಿಗಿಡಿ, ನೀರು ಆರಿದ್ಮೇಲೆ ಉಪ್ಪು ಹರಳಾಗಿ ಸಿಗುತ್ತೆ, ಅಂದ್ರೆ ಭೌತಿಕ. ಆಮೇಲೆ ಒಂದು ಚಮಚ ಸಕ್ಕರೇನ ಒಣ ಬಾಣಲೇಲಿ ಸಣ್ಣ ಉರೀಲಿ ಬಿಸಿ ಮಾಡಿ (ದೊಡ್ಡೋರು ಪಕ್ಕದಲ್ಲಿರಲಿ, ಕೈಗೆ ಹಾರಿದ್ರೆ ಬೊಬ್ಬೆ ಬರುತ್ತೆ). ಸುಮಾರು 160–170 ಡಿಗ್ರಿ ದಾಟ್ತಿದ್ದಂಗೆ ಕಂದು ಬಣ್ಣ, ಬೇರೇನೇ ವಾಸನೆ, ಇನ್ನೂ ಬಿಟ್ರೆ ಕಪ್ಪಗೆ ಕಹಿ ಇದ್ದಲು. ಅದಕ್ಕೆ ನೀರು ಹಾಕಿ ಏನೇ ಮಾಡಿದ್ರೂ ಸಕ್ಕರೆ ಬರಲ್ಲ, ಇದು ರಾಸಾಯನಿಕ.

ಎರಡನೇದು ಗುಳ್ಳೆ. ಗುಳ್ಳೆ ಬಂತು ಅಂದ ತಕ್ಷಣ ರಾಸಾಯನಿಕ ಅಂತ ಬರೀಬೇಡಿ. ಸೋಡಾ ಬಾಟಲಿ ಮುಚ್ಚಳ ತೆಗೆದಾಗ ಬರೋದು ಒಳಗೆ ಮೊದಲೇ ಕರಗಿದ್ದ ಕಾರ್ಬನ್ ಡೈಆಕ್ಸೈಡ್, ಕುದಿಯೋ ನೀರಲ್ಲಿ ಬರೋದು ಆವಿ, ಎರಡೂ ಭೌತಿಕ. ಅಡುಗೆ ಸೋಡಾ ಮೇಲೆ ನಿಂಬೆರಸ ಹಿಂಡಿದ್ರೆ ಬರೋ ಗ್ಯಾಸ್ ಮಾತ್ರ ಆಗ ತಾನೇ ಹುಟ್ಟಿದ್ದು.

ಮೂರನೇದು ಅರಿಶಿನ, ನನಗೆ ಬಹಳ ಇಷ್ಟವಾದ ಪ್ರಯೋಗ. ಬಿಳಿ ಹಾಳೆಗೆ ಅರಿಶಿನ ಕಲಸಿ ಹಚ್ಚಿ ಒಣಗಿಸಿ, ಸೋಪಿನ ನೀರು ಬಿಡಿ, ಕೆಂಪಾಗುತ್ತೆ. ಸಾರು ಚೆಲ್ಲಿದ ಬಿಳಿ ಶರ್ಟು ಒಗೆಯುವಾಗ ಕಲೆ ಕೆಂಪಾಗೋದೂ ಇದೇ, ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡೋದೂ ಇದೇ. ಈಗ ಅದರ ಮೇಲೇ ನಿಂಬೆರಸ ಹಾಕಿ, ಮತ್ತೆ ಹಳದಿ! ವಾಪಸ್ ಬಂತಲ್ಲ, ಹಾಗಾದ್ರೆ ಭೌತಿಕಾನಾ? ಅಲ್ಲ. ಸೋಪು, ಸುಣ್ಣದಂಥ ಕ್ಷಾರ ಸಿಕ್ಕಿದಾಗ ಅರಿಶಿನಕ್ಕೆ ಬಣ್ಣ ಕೊಡೋ ಕರ್ಕ್ಯುಮಿನ್ ಅಣುವಿನ ರಚನೇನೇ ಬದಲಾಗುತ್ತೆ, ನಿಂಬೆರಸದಂಥ ಆಮ್ಲ ಸಿಕ್ಕಿದ್ರೆ ಮತ್ತೆ ಮೊದಲಿನಂತಾಗುತ್ತೆ, ಎರಡು ಸಲಾನೂ ರಾಸಾಯನಿಕಾನೇ.

ಸುಣ್ಣದ ಕಥೆ ಇದಕ್ಕಿಂತ ಮಜಾ ಇದೆ, ಆದ್ರೆ ಇದನ್ನ ಮನೇಲಿ ಮಾಡ್ಬೇಡಿ, ಕಣ್ಣಿಗೆ ಸಿಡಿದ್ರೆ ಕಷ್ಟ. ಸುಣ್ಣದ ಕಲ್ಲನ್ನ ಗೂಡಲ್ಲಿ ಸುಮಾರು 900 ಡಿಗ್ರೀಲಿ ಸುಟ್ರೆ ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತೆ, ಅದಕ್ಕೆ ನೀರು ಹಾಕಿದ್ರೆ ಕೊತಕೊತ ಅಂತ ಕಾಯುತ್ತೆ. ನೋಡೋಕೆ ನೀರಲ್ಲಿ ಕರಗಿದ ಹಾಗಿರುತ್ತೆ, ಆದ್ರೆ ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅನ್ನೋ ಬೇರೆ ವಸ್ತು. ಗೋಡೆಗೆ ಬಳಿದ್ಮೇಲೆ ಗಾಳಿಯಿಂದ ಮತ್ತೆ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತೆ, ಅಂದ್ರೆ ಗೂಡಿಗೆ ಹಾಕಿದ್ದ ಕಲ್ಲಲ್ಲಿ ಇದ್ದಿದ್ದೇ. ಹೊರಟ ಜಾಗಕ್ಕೇ ವಾಪಸ್ ಬಂತು, ಮೂರು ಹೆಜ್ಜೇನೂ ರಾಸಾಯನಿಕ.

ಕರ್ಪೂರ ಡಬ್ಬೀಲೇ ಸವೆದ್ರೆ ಭೌತಿಕ, ಆರತಿಗೆ ಹಚ್ಚಿದ್ರೆ ರಾಸಾಯನಿಕ.

ಕೆಲವು ಸಲ ಎರಡೂ ಒಟ್ಟಿಗೇ ನಡೆಯುತ್ತೆ. ಬೆಣ್ಣೆ ಕಾಯಿಸಿ ನೋಡಿ, ಕರಗೋದು ಭೌತಿಕ, ಚಟಪಟ ಅಂತ ನೀರು ಆವಿಯಾಗೋದೂ ಭೌತಿಕ, ತಳದ ಗಸಿ ಕೆಂಪಗಾಗಿ ಘಮ ಅನ್ನೋದು ರಾಸಾಯನಿಕ.