ಬಳ್ಳಾರಿಯಿಂದ ರೈಲು ಹತ್ತಿ ಸಂಜೆಗೆ ಮನೆ: ನಾನು ಊರು ಆರಿಸುವ ಬಗೆ

ಬಳ್ಳಾರಿಯವರಿಗೆ ಭಾನುವಾರ ಎಲ್ಲಿಗಾದರೂ ಹೋಗೋಣ ಅಂದರೆ ಮೊದಲು ಬಾಯಿಗೆ ಬರುವ ಹೆಸರು ಹಂಪಿ. ಹಂಪಿ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ರೈಲಲ್ಲೇ ಹೋಗಿ ರೈಲಲ್ಲೇ ಬರಬೇಕು ಅನ್ನುವವರಿಗೆ ಅದು ಅಷ್ಟು ಸಲೀಸಲ್ಲ. ರೈಲು ಇಳಿಸುವುದು ಹೊಸಪೇಟೆಯಲ್ಲಿ. ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಆಟೋ, ಬಸ್ ಸ್ಟ್ಯಾಂಡಿಂದ ಹಂಪಿಗೆ 12-13 ಕಿ.ಮೀ., ಹಂಪಿಯಲ್ಲಿ ಇಳಿದ ಮೇಲೂ ವಿರೂಪಾಕ್ಷನ ಗುಡಿಯಿಂದ ವಿಜಯ ವಿಠ್ಠಲದ ಕಡೆ ಹೋಗೋಕೆ ಮತ್ತೊಂದು ಗಾಡಿ, ಅಷ್ಟೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ. ಅದಕ್ಕಿಂತ ಬಳ್ಳಾರಿಯಿಂದ ಬಸ್ಸೋ ಸ್ವಂತ ಗಾಡಿಯೋ ವಾಸಿ.

ಹಾಗಾಗಿ ನಾನು ಊರಿನ ಹೆಸರಿನಿಂದ ಶುರು ಮಾಡುವುದೇ ಇಲ್ಲ. ಮೊದಲು ನೋಡುವುದು ವಾಪಸ್ ಬರುವ ರೈಲು. ಸಂಜೆ ನಾಲ್ಕರಿಂದ ಏಳರೊಳಗೆ ಯಾವ ಸ್ಟೇಷನ್ನಿಂದ ಬಳ್ಳಾರಿ ಕಡೆಗೆ ಎರಡು ರೈಲಿವೆಯೋ ಅದು ನನ್ನ ಊರು. ಒಂದೇ ಇದ್ದರೆ ಬೇಡ. ನಮ್ಮದು ಗುಂತಕಲ್–ಹುಬ್ಬಳ್ಳಿ ಲೈನು. ಅದಿರು, ಕಲ್ಲಿದ್ದಲು, ತೋರಣಗಲ್ಲಿನ ಉಕ್ಕು ಎಲ್ಲ ಇದರ ಮೇಲೇ ಓಡಾಡಬೇಕು. ಗೂಡ್ಸ್ ಮುಂದೆ ಹೋಗಲಿ ಅಂತ ನಮ್ಮ ಪ್ಯಾಸೆಂಜರನ್ನು ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ನಿಲ್ಲಿಸಿಬಿಟ್ಟರೆ, ಕಿಟಕಿಯಾಚೆ ಜಾಲಿಗಿಡ ಎಣಿಸುತ್ತಾ ಕೂರಬೇಕು ಅಷ್ಟೇ. ಇನ್ನೊಂದು ವಿಷಯ, ಈ ದಾರಿಯ ಎಷ್ಟೋ ಎಕ್ಸ್‌ಪ್ರೆಸ್‌ಗಳು ವಾರದಲ್ಲಿ ಕೆಲವು ದಿನ ಮಾತ್ರ ಓಡುತ್ತವೆ. ಭಾನುವಾರ ಇದ್ದದ್ದು ಬುಧವಾರ ಇರುವುದಿಲ್ಲ. ಪಕ್ಕದ ಮನೆಯವರು "ಸಂಜೆ ಐದಕ್ಕೊಂದು ಟ್ರೇನ್ ಐತ್ರೀ, ಆರಾಮಾಗಿ ಬರ್ರಿ" ಅಂದರೆ ಯಾವ ವಾರ ಅಂತ ಕೇಳಲೇಬೇಕು.

ಬಸ್ಸಿನ ಆಸರೆಯನ್ನೂ ನೋಡುತ್ತೇನೆ. ಹೊಸಪೇಟೆ, ಕೊಪ್ಪಳ, ಗದಗ ಮೂರೂ ಒಂದೇ ಹೆದ್ದಾರಿಯಲ್ಲಿವೆ. ರೈಲು ಕೈಕೊಟ್ಟರೆ ಬಸ್ ಹತ್ತಿ ರಾತ್ರಿಯೊಳಗೆ ಮನೆ ಸೇರಬಹುದು. ಪೂರ್ವಕ್ಕೆ ಗುಂತಕಲ್ ಕಡೆಯೂ ರೈಲಿಗೇನು ಬರ ಇಲ್ಲ, ಆದರೆ ಗುಂತಕಲ್ಲಿನಲ್ಲಿ ಜಂಕ್ಷನ್ ಬಿಟ್ಟರೆ ನೋಡೋಕೆ ಅಂಥದ್ದೇನಿದೆ? ಅದರಾಚೆ ಗುತ್ತಿಯ ಬೆಟ್ಟದ ಕೋಟೆ ನಿಜಕ್ಕೂ ಚೆನ್ನಾಗಿದೆ. ಸ್ಟೇಷನ್ ಮಾತ್ರ ಊರಿನಿಂದ ದೂರ. ಕಾಲು ಗಟ್ಟಿ ಇರುವ ಗೆಳೆಯರ ಜೊತೆ ಹೋಗೋಕೆ ಸರಿ, ಮನೆಮಂದಿಗೆ ಅಲ್ಲ.

ಹೀಗೆ ಜರಡಿ ಹಿಡಿದ ಮೇಲೆ ಉಳಿಯುವ ಊರುಗಳಲ್ಲಿ ನನಗೆ ಹೆಚ್ಚು ಇಷ್ಟ ಮುನಿರಾಬಾದ್. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮು ತುಂಬಿ ಗೇಟು ಎತ್ತಿದ್ದಾರೆ ಅನ್ನುವ ಸುದ್ದಿ ಬಂದರೆ ಬೇರೆ ಯೋಚನೆಯೇ ಇಲ್ಲ. ಹೊಸಪೇಟೆ ದಾಟಿದ ಮೇಲೆ ರೈಲು ತುಂಗಭದ್ರೆಯ ಸೇತುವೆ ಹತ್ತುತ್ತದೆ. ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಡ್ಯಾಮು ಆ ಕಡೆ. 33 ಗೇಟು. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದ ಮೇಲಂತೂ ಡಬ್ಬಿಯಲ್ಲಿದ್ದವರೆಲ್ಲ ಎಡಕ್ಕೆ ವಾಲಿ "ಯಾವ್ದು, ಯಾವ್ದು" ಅಂತ ಅದನ್ನೇ ಹುಡುಕುತ್ತಿದ್ದರು. ನದಿ ದಾಟಿದರೆ ಕೊಪ್ಪಳ ಜಿಲ್ಲೆ. ಮುನಿರಾಬಾದ್ ಸ್ಟೇಷನ್ನಿನಿಂದ ಹುಲಿಗಿಗೆ ನಡೆದೇ ಹೋಗಬಹುದು. ಹುಲಿಗೆಮ್ಮನ ಗುಡಿ, ಪಕ್ಕದಲ್ಲೇ ಹೊಳೆ. ನಮ್ಮ ಅವ್ವನಿಗೆ ಇಲ್ಲಿಗೆ ಹೊರಡುವುದಕ್ಕೆ ಕಾರಣವೇ ಬೇಕಿಲ್ಲ. ಆದರೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಹೋಗಿ. ಆ ದಿನಗಳಲ್ಲಿ ಜನರಲ್ ಡಬ್ಬಿಯಲ್ಲಿ ಕಾಲಿಡೋಕೂ ಜಾಗ ಇರುವುದಿಲ್ಲ, ಹರಕೆಯವರು ಸಂಸಾರ ಸಮೇತ ಪಾತ್ರೆ ಪಡಗ ಹೊತ್ತು ಬಂದಿರುತ್ತಾರೆ. ಅದೂ ಒಂದು ನೋಟ ಅನ್ನಿ, ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋದಾಗ ಬೇಡ. ಹೊಳೆ ತುಂಬಿ ಹರಿಯುವಾಗ ಮಕ್ಕಳನ್ನು ಮೆಟ್ಟಿಲ ಹತ್ತಿರ ಬಿಡಬೇಡಿ. ಎಲ್ಲ ಎಕ್ಸ್‌ಪ್ರೆಸ್ಸೂ ಇಲ್ಲಿ ನಿಲ್ಲುವುದಿಲ್ಲ, ಅದನ್ನು ಹೊರಡುವ ಮೊದಲೇ ನೋಡಿಕೊಳ್ಳಿ.

ಚಳಿಗಾಲಕ್ಕೆ ಕೊಪ್ಪಳ. ಬಳ್ಳಾರಿಯಿಂದ ಹತ್ತಿರ ಹತ್ತಿರ 100 ಕಿ.ಮೀ. ಸ್ಟೇಷನ್ ಊರಲ್ಲೇ ಇದೆ. ಬೆಳಗ್ಗೆ ಇಳಿದು ಒಗ್ಗರಣಿ-ಮಿರ್ಚಿ ತಿಂದು, ಬಿಸಿಲೇರುವ ಮೊದಲೇ ಕೋಟೆ ಹತ್ತಿಬಿಡಬೇಕು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ನಿಂತು ಸತ್ತದ್ದು ಈ ಕೋಟೆಯಲ್ಲೇ. ಸಾಲಿಯಲ್ಲಿ ಒಂದು ಸಾಲಿನಲ್ಲಿ ಓದಿ ಮರೆತ ಹೆಸರದು. ಮೇಲೆ ನಿಂತು ಕೆಳಗಿನ ಕಡಿದು ಬಂಡೆ ನೋಡಿದಾಗ ಇಂಥಾ ಕಡೆ ಹೊರಗಿನವರು ಹೇಗೆ ಹತ್ತಿ ಬಂದರಪ್ಪಾ ಅನ್ನಿಸುತ್ತದೆ. ಇಳಿದ ಮೇಲೆ ಆಟೋದಲ್ಲಿ ಗವಿಮಠ. ಮಠದ ಗುಡ್ಡದಲ್ಲಿ ಅಶೋಕನ ಶಾಸನ ಇದೆ, ಕೊಡೆಯ ಹಾಗೆ ಚಾಚಿಕೊಂಡ ಬಂಡೆಯ ಅಡಿಯಲ್ಲಿ. ಮಠಕ್ಕೆ ಬರುವ ಎಷ್ಟೋ ಜನ ಅದನ್ನು ನೋಡದೇ ಹೋಗುತ್ತಾರೆ, ಕೇಳಿದರೆ ದಾರಿ ತೋರಿಸುತ್ತಾರೆ. ಪಾಲ್ಕಿಗುಂಡಿನಲ್ಲಿ ಇನ್ನೊಂದು ಶಾಸನವಿದೆ, ಹುಮ್ಮಸ್ಸಿದ್ದವರಿಗೆ. ಮಧ್ಯಾಹ್ನದ ಊಟಕ್ಕೆ ಹೋಟೆಲು ಹುಡುಕುವ ಕೆಲಸವೇ ಇಲ್ಲ, ಮಠದ ದಾಸೋಹ ಇದೆ. ಜನವರಿಯ ಗವಿಸಿದ್ಧೇಶ್ವರ ಜಾತ್ರೆ ಟೈಮಿನಲ್ಲಿ ಮಾತ್ರ ಸುಮ್ನೆ ಊರು ನೋಡೋಣ ಅಂತ ಹೋಗಬೇಡಿ. ಹೋದರೆ ಜಾತ್ರೆಗೇ ಅಂತ ಹೋಗಿ.

ಗದಗ ನನ್ನ ಪಾಲಿಗೆ ಗಡಿ. ಅದಕ್ಕಿಂತ ಮುಂದೆ ಹೋದರೆ ದಿನವೆಲ್ಲ ರೈಲಲ್ಲೇ ಕಳೆಯಿತು ಅನ್ನಿಸುತ್ತದೆ. ಕುಮಾರವ್ಯಾಸ ಭಾರತ ಬರೆದ ಅನ್ನುವ ವೀರನಾರಾಯಣ ಗುಡಿ, ತ್ರಿಕೂಟೇಶ್ವರ, ಅದರ ಮಗ್ಗುಲಲ್ಲೇ ಕಂಬಗಳ ಕೆತ್ತನೆಗೆ ಹೆಸರಾದ ಸರಸ್ವತಿ ಗುಡಿ, ಇಷ್ಟು ನೋಡಿ ಮುಗಿಸಬಹುದು. ಲಕ್ಕುಂಡಿಯನ್ನೂ ಸೇರಿಸಬೇಕು ಅಂದರೆ ಬೆಳಗಿನ ಮೊದಲ ರೈಲಿಗೇ ಹೊರಡಬೇಕು. ಗದಗಿನಿಂದ ಲಕ್ಕುಂಡಿ 12 ಕಿ.ಮೀ. ಅಷ್ಟೇ, ಬಸ್ಸಿದೆ. ಆದರೆ ಅಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ, ಮುಸುಕಿನ ಬಾವಿ, ಸಾಲು ಸಾಲು ಗುಡಿ ಅಂತ ಸುತ್ತುತ್ತಾ ಹೋದರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಹಂಗಾಗಿ ನಾನು ಲಕ್ಕುಂಡಿ ಮೊದಲು ನೋಡಿ, ಗದಗಿನ ಗುಡಿಗಳನ್ನು ಸಂಜೆಗೆ ಇಟ್ಟುಕೊಳ್ಳುತ್ತೇನೆ. ರೈಲು ಹತ್ತುವ ಊರಲ್ಲೇ ಕೊನೆಯ ಎರಡು ತಾಸು ಇದ್ದರೆ ಜೀವಕ್ಕೆ ಸಮಾಧಾನ.

ಟಿಕೆಟ್ಟಿನ ಮಾತು ಸ್ವಲ್ಪ ಹೇಳಬೇಕು. ಈ ದೂರಕ್ಕೆಲ್ಲ ರಿಸರ್ವೇಶನ್ ಬೇಕಿಲ್ಲ, ಜನರಲ್ ಟಿಕೆಟ್ ಸಾಕು, ಮೊಬೈಲಿನಲ್ಲೂ ಸಿಗುತ್ತದೆ. ಆದರೆ 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ತೆಗೆದರೆ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು ಅಂತ ನಿಯಮ ಇದೆ. ಹಾಗಾಗಿ ಬೆಳಗ್ಗೆಯೇ ವಾಪಸ್ ಟಿಕೆಟ್ ತೆಗೆದಿಟ್ಟುಕೊಳ್ಳುವ ಯೋಚನೆ ಬೇಡ. ಪ್ಯಾಸೆಂಜರ್ ಟಿಕೆಟ್ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತಬೇಡಿ, ಟಿಸಿ ಹಿಡಿದರೆ ದಂಡವೇ ಕನಿಷ್ಠ 250 ರೂಪಾಯಿ, ಉಳಿಸಿದ್ದಕ್ಕಿಂತ ಜಾಸ್ತಿ. ವಾಪಸ್ ಬರುವಾಗ ಯಾವುದು ಮೊದಲು ಬರುತ್ತೋ ಗೊತ್ತಿಲ್ಲ ಅಂದಾಗ ನಾನು ಎಕ್ಸ್‌ಪ್ರೆಸ್ ಟಿಕೆಟ್ಟನ್ನೇ ತೆಗೆಯುತ್ತೇನೆ. ಅದರಲ್ಲಿ ಪ್ಯಾಸೆಂಜರೂ ಹತ್ತಬಹುದು.

ಮಾರ್ಚಿ ಕಳೆದ ಮೇಲೆ ಜೂನ್‌ವರೆಗೆ ಇದ್ಯಾವುದೂ ಬೇಡ. ನಮ್ಮ ಕಡೆ ಬಿಸಿಲು ನಿಮಗೆ ಗೊತ್ತಲ್ಲ, ಬಂಡೆ ಮುಟ್ಟೋಕೂ ಆಗುವುದಿಲ್ಲ.

ಈಗ ನನ್ನ ಕಣ್ಣಿರುವುದು ಗಂಗಾವತಿ ಮೇಲೆ. ಕೊಪ್ಪಳದ ಹತ್ತಿರದ ಗಿಣಿಗೇರಾದಿಂದ ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿನವರೆಗೆ ಹೊಸ ಲೈನು ಬಂದಿದೆ. ಗಂಗಾವತಿಯಲ್ಲಿ ಇಳಿದರೆ ಆನೆಗುಂದಿ, ಅಂಜನಾದ್ರಿ ಹತ್ತಿರ. ಆದರೆ ವಾಪಸ್ ಬರುವ ರೈಲಿನ ಟೈಮು ನನಗೆ ಹೊಂದುತ್ತಿಲ್ಲ. ಟೈಮ್ ಟೇಬಲ್ ಬದಲಾದಾಗಲೆಲ್ಲ ಮೊದಲು ಅದನ್ನೇ ತೆಗೆದು ನೋಡುತ್ತೇನೆ. ಅಲ್ಲಿಯವರೆಗೆ ಅಂಜನಾದ್ರಿಗೆ ಬಸ್ಸೇ ಗತಿ.