ಕೇಬಲ್ ಮುಟ್ಟಿದರೆ ಬದಲಾಗುತ್ತಿದ್ದ ಎಸ್‌ಡಬ್ಲ್ಯುಆರ್

ನನ್ನ ಹ್ಯಾಮ್ ರೇಡಿಯೊಗೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಸ್ ಆಸುಪಾಸಿನ) ಡೈಪೋಲ್, ಅಂದರೆ ಎರಡು ತೋಳಿನ ತಂತಿ ಆಂಟೆನಾ. ರೇಡಿಯೊದಿಂದ ಅದಕ್ಕೆ ಹೋಗುವ ಕೋಆಕ್ಸ್ ಕೇಬಲ್ ಮುಟ್ಟಿದರೆ ಸಾಕು, ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್ಲಿಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಅಂದರೆ ಪೂರ್ತಿ ಹೊಂದಿಕೆ) 1.8ರಿಂದ 2.5ಕ್ಕೆ ಜಿಗಿಯುತ್ತಿತ್ತು. ಮಾತಾಡುವಾಗ ಮೈಕಿನ ಲೋಹ ತುಟಿಗೆ ಚುರ್ ಅನ್ನುತ್ತಿತ್ತು.

ಆಂಟೆನಾವನ್ನು ರೇಡಿಯೊಗೆ ಹೊಂದಿಸುವ ಟ್ಯೂನರ್ ಹಾಕಿದೆ. ಮೀಟರ್ 1.1 ತೋರಿಸಿತು, ಚುರ್ ಅನ್ನುವುದು ನಿಲ್ಲಲಿಲ್ಲ. ಕೇಬಲ್ ಉದ್ದ ಬದಲಿಸಿದೆ. ರೀಡಿಂಗ್ ಬದಲಾಯಿತು, ಅಷ್ಟೇ. ಕೈಲಿತ್ತು ಅಂತ ಸುಮ್ನೆ 4:1 ಬಾಲನ್ (ಕೇಬಲ್ಲಿಗೂ ಆಂಟೆನಾಕ್ಕೂ ನಡುವೆ ಹಾಕುವ ಜೋಡಣೆ; ಇದು ಓಮ್ ಅನ್ನು ನಾಲ್ಕನೇ ಒಂದಕ್ಕೆ ಇಳಿಸುತ್ತದೆ) ಸಿಕ್ಕಿಸಿದ್ದಂತೂ ದಡ್ಡತನ. ಡೈಪೋಲಿನ 60-70 ಓಮ್ ಅನ್ನು ನಾಲ್ಕರಿಂದ ಭಾಗಿಸಿದರೆ 16ರ ಆಸುಪಾಸು, ಕೇಬಲ್ಲಿಗೆ ಬೇಕಿದ್ದದ್ದು 50. ಎಸ್‌ಡಬ್ಲ್ಯುಆರ್ 3ಕ್ಕೆ ಏರಿತು.

ತೊಂದರೆ ಇದ್ದದ್ದು ಕೋಆಕ್ಸಿನ ಹೊರಮೈಯಲ್ಲಿ. ಅಲ್ಲಿ ಕರೆಂಟ್ ಹರಿದು, ಕೇಬಲ್ಲೇ ಆಂಟೆನಾದ ಮೂರನೇ ತೋಳಾಗಿತ್ತು. ಬೇಕಿದ್ದದ್ದು ಓಮ್ ಬದಲಿಸದೆ ಆ ಹೊರಮೈ ಕರೆಂಟನ್ನು ತಡೆಯುವ 1:1 ಕರೆಂಟ್ ಬಾಲನ್. ಎಫ್‌ಟಿ240-31 ಅನ್ನುವ ಫೆರೈಟ್ (ಕಾಂತೀಯ ವಸ್ತು) ಬಳೆಗೆ ಆರ್‌ಜಿ-58 ಕೋಆಕ್ಸ್ ಕೇಬಲನ್ನು 12 ಸುತ್ತು ಸುತ್ತಿದೆ. ಬಳೆಯೊಳಗೆ ಹಾದ ಪ್ರತಿ ಸಲವೂ ಒಂದು ಸುತ್ತು ಅಂತ ಎಣಿಸಬೇಕು. ಅದನ್ನು ಡೈಪೋಲಿನ ನಡುವೆ, ಕೇಬಲ್ ಬಂದು ಸೇರುವ ಫೀಡ್‌ಪಾಯಿಂಟಿಗೆ ಅಂಟಿಕೊಂಡಂತೆ ಕಟ್ಟಿದೆ. ರೇಡಿಯೊ ಪಕ್ಕದಲ್ಲಲ್ಲ.

ಆಂಟೆನಾ ತಂತಿಯ ಉದ್ದ ಟ್ರಿಮ್ ಮಾಡುವುದು ಇದಾದ ಮೇಲೆಯೇ. ಮೊದಲೇ ಮಾಡಿದರೆ ಕೇಬಲನ್ನೂ ಸೇರಿಸಿ ಅಳೆದಂತೆ, ಅಲ್ವಾ? ಬಾಲನ್ ಹಾಕಿದ ಮೇಲೆ ರೆಸೊನೆನ್ಸ್ (ಆಂಟೆನಾ ತಾನಾಗಿ ಸ್ಪಂದಿಸುವ ಫ್ರೀಕ್ವೆನ್ಸಿ) 6.95 ಮೆಗಾಹರ್ಟ್ಸ್‌ನಲ್ಲಿತ್ತು. ತಲಾ 10.30 ಮೀಟರ್ ಇದ್ದ ತೋಳುಗಳನ್ನು 10.08ಕ್ಕೆ ತಂದೆ. ಕತ್ತರಿಸಲಿಲ್ಲ, ತುದಿಯನ್ನು ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಸುತ್ತಿದೆ. ಈಗ 7.1 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ 1.3. ಕೇಬಲ್ ಹಿಡಿದು ನಿಂತರೂ ಮುಳ್ಳು ಅಲ್ಲಾಡುವುದಿಲ್ಲ.