ಎದೆಯ ಮೇಲೆ ಗುಂಪು ಕುರು: ಹಿಂಡಬೇಡಿ, ಮೊದಲು ನೋಡಿ

ಮಳೆಗಾಲದಲ್ಲಿ ಮುಂಬಯಿಯಲ್ಲಿ ಬನಿಯನ್ ಸರಿಯಾಗಿ ಒಣಗುವುದೇ ಇಲ್ಲ. ಅದನ್ನೇ ತೊಟ್ಟು ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಗರ್ದಿಯಲ್ಲಿ ಒತ್ತಿಕೊಂಡು ದಾದರ್ ಮುಟ್ಟುವಷ್ಟರಲ್ಲಿ ಎದೆಯೆಲ್ಲ ಬೆವರು. ಬಟ್ಟೆ ಉಜ್ಜಿ ಉಜ್ಜಿ ಕೂದಲಿನ ಬುಡ ಕೆರೆದುಹೋಗಿರುತ್ತದೆ. ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಗೆ ಇಳಿಯುವುದು ಅಲ್ಲೇ. ಸುಮಾರು ಮೂವರಲ್ಲಿ ಒಬ್ಬರ ಮೂಗಿನೊಳಗೆ ಅದು ಏನೂ ತೊಂದರೆ ಕೊಡದೆ ಇರುತ್ತದೆ, ಹಾಗಾಗಿ ಕುರು ಎದ್ದಿತೆಂದರೆ ಆ ಮನುಷ್ಯ ಕೊಳಕು ಎಂದು ಅರ್ಥವಲ್ಲ.

ಮೊದಲು ಕನ್ನಡಿ ಮುಂದೆ ನಿಂತು ನೋಡಿ. ಒಂದೇ ಪಕ್ಕದಲ್ಲಿ, ಬೆನ್ನಿನಿಂದ ಎದೆಗೆ ಪಟ್ಟಿಯಾಗಿ ನೀರುಗುಳ್ಳೆ ಎದ್ದು ಉರಿಯುತ್ತಿದ್ದರೆ ಅದು ಕುರು ಅಲ್ಲ, ಸರ್ಪಸುತ್ತು ಇರಬಹುದು. ಅದರ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು, ಆದ್ದರಿಂದ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಸಣ್ಣ ಸಣ್ಣ, ಒಂದೇ ಅಳತೆಯ, ಜಾಸ್ತಿ ತುರಿಸುವ ಗುಳ್ಳೆಗಳಾದರೆ ಫಂಗಸ್ ಇರಬಹುದು. ಮೊಲೆಯ ಕೆಳಗೋ ಕಂಕುಳಲ್ಲೋ ಪದೇ ಪದೇ ಬರುತ್ತಿದ್ದರೆ ಕಾಯಿಲೆಯೇ ಬೇರೆ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ. ಹಾಲುಣಿಸುವ ತಾಯಿಗೆ ಮೊಲೆ ಕೆಂಪಾಗಿ ಗಟ್ಟಿಯಾದರೆ ಮನೆಮದ್ದು ಬೇಡವೇ ಬೇಡ.

ಕುರುವೇ ಹೌದು, ಸಣ್ಣದೇ ಇದೆ ಅಂದರೆ ಬಿಸಿ ಶಾಖ ಕೊಡಿ. ಶುಭ್ರ ಬಟ್ಟೆಯನ್ನು ಚರ್ಮ ತಡೆಯುವಷ್ಟು ಬಿಸಿನೀರಲ್ಲಿ ಅದ್ದಿ, ಹಿಂಡಿ, 10–15 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ. ರಕ್ತ ಓಡಾಡಿ ಕೀವು ಮೇಲಕ್ಕೆ ಬಂದು ತಾನೇ ಒಡೆಯುತ್ತದೆ. ಒಡೆದ ಮೇಲೆ ತೊಳೆದು ಗಾಜ್ ಕಟ್ಟಿ, ಕೈಯನ್ನು ಸೋಪಿನಿಂದ ತೊಳೆಯಿರಿ.

ಹಿಂಡಬೇಡಿ. ಪಿನ್ ಚುಚ್ಚಬೇಡಿ. ಕೀವು ಒಳಕ್ಕೂ ಹೋಗಬಹುದು, ಪಕ್ಕದ ಬುಡಕ್ಕೂ ಹತ್ತಬಹುದು. ಊರಿಂದ ಫೋನಿನಲ್ಲಿ ಸುಣ್ಣ-ಬೆಲ್ಲ ಹಚ್ಚು ಅನ್ನುತ್ತಾರೆ, ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಸುಣ್ಣ ಚರ್ಮವನ್ನು ಸುಡುತ್ತದೆ. ಅದಕ್ಕಿಂತ ನನಗೆ ಭಯ ಮೆಡಿಕಲ್ ಅಂಗಡಿಯ ಟ್ಯೂಬಿನದು. ಹೆಸರು ನೋಡಿ: ಕ್ಲೋಬೆಟಾಸಾಲ್, ಬೆಟಾಮೆಥಾಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್. ಎರಡು ದಿನ ಕೆಂಪು ಇಳಿಯುತ್ತದೆ, ವಾಸಿಯಾಯಿತು ಅಂದುಕೊಳ್ಳುತ್ತೀರಿ, ಒಳಗೆ ಸೋಂಕು ಸುಮ್ನೆ ಹರಡುತ್ತಿರುತ್ತದೆ.

ಕುರುಗಳು ಒಳಗೊಳಗೇ ಕೂಡಿಕೊಂಡು, ಮೇಲೆ ಜೇನುಗೂಡಿನ ಹಾಗೆ ನಾಲ್ಕಾರು ಬಾಯಿ ಬಿಟ್ಟರೆ ಅದು ಕಾರ್ಬಂಕಲ್. ಇದಕ್ಕೆ ಶಾಖ ಸಾಲದು. ಡಾಕ್ಟರು ಕೊಯ್ದು ಕೀವು ತೆಗೆಯಬೇಕಾಗುತ್ತದೆ. ಆ ಕೀವನ್ನು ಕಲ್ಚರ್‌ಗೆ, ಅಂದರೆ ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಗೆ, ಕಳಿಸಿ ಎಂದು ಕೇಳಿ, ಮಾಮೂಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜಾತಿಯೂ ಇದೆ. ಕೊಟ್ಟ ಮಾತ್ರೆಯನ್ನು ನಡುವೆ ಬಿಡಬೇಡಿ. ಜ್ವರ ಬಂದರೆ, ಕೆಂಪು ಹರಡುತ್ತಾ ಹೋದರೆ, ವಾರವಾದರೂ ಇಳಿಯದಿದ್ದರೆ ಕಾಯಬೇಡಿ. ದುಡ್ಡಿನ ಚಿಂತೆ ಇದ್ದರೆ ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಓಪಿಡಿ ಇದೆ.

ಜೊತೆಗೆ ಶುಗರ್ ಟೆಸ್ಟ್ ಮಾಡಿಸಿ. ತನಗೆ ಸಕ್ಕರೆ ಕಾಯಿಲೆ ಇದೆ ಎಂದು ಇಂಥ ಕುರುವಿನಿಂದಲೇ ತಿಳಿದುಕೊಂಡವರಿದ್ದಾರೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು ಬಂದರೆ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್) 6.5 ಅಥವಾ ಹೆಚ್ಚು ಬಂದರೆ ಕುರುವಿನ ಜೊತೆಗೆ ಅದಕ್ಕೂ ಚಿಕಿತ್ಸೆ ಬೇಕು.

ಇನ್ನು ನಮ್ಮ ಹೋಟೆಲ್ ಹುಡುಗರ ವಿಷಯ. ಒಂದು ಖೋಲಿಯಲ್ಲಿ ಆರೇಳು ಜನ, ಒಂದೇ ಟವೆಲ್, ಒಂದೇ ಸೋಪು, ಒಂದೇ ರೇಜರ್. ಒಬ್ಬನಿಗೆ ಬಂದದ್ದು ಇನ್ನೊಬ್ಬನಿಗೆ ಬಾರದೆ ಇರುತ್ತದಾ? ಟವೆಲ್ ಬೇರೆ ಮಾಡಿ, ಬಟ್ಟೆ, ಹಾಸಿಗೆ ಹೊದಿಕೆ ಬಿಸಿನೀರಲ್ಲಿ ಒಗೆಯಿರಿ. ಕೀವು ಸೋರುವುದು ನಿಲ್ಲುವವರೆಗೆ ಅಡುಗೆಗೆ ಕೈ ಹಾಕಬಾರದು, ಯಾಕೆಂದರೆ ಈ ಬ್ಯಾಕ್ಟೀರಿಯಾ ಊಟದಲ್ಲಿ ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಸಂಬಳ ಕಡಿತವಾಗುತ್ತದೆ ಎಂದು ಹುಡುಗ ಅಂಗಿಯೊಳಗೆ ಮುಚ್ಚಿಟ್ಟುಕೊಳ್ಳುತ್ತಾನೆ, ಅಲ್ವಾ? ಮಾಲೀಕರೇ, ಅಷ್ಟು ದಿನ ಸಂಬಳ ಹಿಡಿಯದೆ ಅವನಿಗೆ ರಜೆ ಕೊಡಿ, ಇಲ್ಲವೇ ಊಟ-ಪಾತ್ರೆ ಮುಟ್ಟದ ಕೆಲಸ ಕೊಡಿ. ಖೋಲಿಯಲ್ಲಿ ಕುರು ಮತ್ತೆ ಮತ್ತೆ ಬರುತ್ತಿದ್ದರೆ ಎಲ್ಲರೂ ಒಟ್ಟಿಗೆ ಡಾಕ್ಟರಿಗೆ ತೋರಿಸಿಕೊಳ್ಳಿ. ಮೂಗಿನಲ್ಲಿ ಅಡಗಿದ ಈ ಬ್ಯಾಕ್ಟೀರಿಯಾ ಹೋಗಲು ಒಳಗೆ ಹಚ್ಚುವ ಮ್ಯುಪಿರೋಸಿನ್ ಮುಲಾಮು ಬೇಕೋ ಬೇಡವೋ ಎಂದು ಅವರೇ ಹೇಳುತ್ತಾರೆ.